ಅಟ್ಲಾಂಟಿಸ್ ಎಲ್ಲಿತ್ತು?

ಕಳೆದ ವರ್ಷ ಒಂದು ದಿನ ನಾವು ತರಗತಿಯಲ್ಲಿ ಆರ್ಕಿಮಿಡೀಸನ ತತ್ತ್ವವನ್ನು ವಿವರಿಸಿ ಮುಗಿಸುವ ಹೊತ್ತಿಗೆ, ಹಿಂದಿನ ಸಾಲಿನಲ್ಲಿದ್ದ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, "ಸಾರ್, ಒಂದು ಇಡೀ ಖಂಡ ಒಂದೇ ರಾತ್ರಿಯಲ್ಲಿ ಸಮುದ್ರದೊಳಗೆ ಮುಳುಗಬಹುದೇ?" ಎಂದು ಕೇಳಿದನು. ಏಕೆ ಈ ಪ್ರಶ್ನೆ ಎಂದು ವಿಚಾರಿಸಲು, ಅವನು ತನ್ನ ಮೊಬೈಲಿನಲ್ಲಿದ್ದ ಒಂದು ಚಿತ್ರವನ್ನು ತೋರಿಸಿದನು. ಸಹಾರಾ ಮರುಭೂಮಿಯ ನಡುವೆ ಒಂದರೊಳಗೊಂದು ಬರೆದಂತಿರುವ ಬೃಹದಾಕಾರದ ವರ್ತುಲಗಳು. ಅಂತರಿಕ್ಷದಿಂದ ತೆಗೆದ ಚಿತ್ರ. "ಇದೇ ಅಟ್ಲಾಂಟಿಸ್ ಅಂತೆ ಸಾರ್. ವಿಜ್ಞಾನಿಗಳಿಗೆ ಗೊತ್ತಿದ್ದೂ ಹೇಳುವುದಿಲ್ಲವಂತೆ" ಎಂದನು. ತರಗತಿ ನಕ್ಕಿತು. ನಿಜವನ್ನು ಮರೆಮಾಚಿ ಪ್ರಯೋಜನವಿಲ್ಲ, ನಾವೂ ನಕ್ಕೆವು. ಹುಡುಗನು ಮುಖ ಕೆಂಪಗೆ ಮಾಡಿಕೊಂಡು ಕುಳಿತುಬಿಟ್ಟನು. ಆಮೇಲೆ ಒಂದು ತಿಂಗಳು ಅವನು ತರಗತಿಯಲ್ಲಿ ಬಾಯಿ ತೆರೆಯಲಿಲ್ಲ.

ನಗುವು ಉತ್ತರವಲ್ಲವೆಂಬುದು ನಮಗೆ ತಡವಾಗಿ ಹೊಳೆಯಿತು. ಅವನ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ; ಅದಕ್ಕೆ ಲೆಕ್ಕದ ಮೂಲಕವೇ ಉತ್ತರ ಹೇಳಲು ಸಾಧ್ಯವಿತ್ತು. ಹಾಗೆ ಹೇಳದೆ ನಕ್ಕದ್ದರಿಂದ, "ವಿಜ್ಞಾನಿಗಳು ಹೇಳುವುದಿಲ್ಲ" ಎಂಬ ಮಾತಿಗೆ ನಾವೇ ಪುಷ್ಟಿ ಕೊಟ್ಟಂತಾಯಿತು. ಆ ದಿನ ಹೇಳಬೇಕಾಗಿದ್ದುದನ್ನು ಈಗ ವಾಚಕರ ಮುಂದಿಡುತ್ತಿದ್ದೇವೆ.

ಮೂಲ ಕಥೆ

ಅಟ್ಲಾಂಟಿಸಿನ ವಿಷಯವಾಗಿ ಜಗತ್ತಿನಲ್ಲಿ ಅಸಂಖ್ಯ ಪುಸ್ತಕಗಳು ಹೊರಬಂದಿವೆ. ಆದರೆ ಈ ಗ್ರಂಥರಾಶಿಗೆಲ್ಲ ಆಧಾರವಾಗಿರುವುದು ಒಬ್ಬನೇ ಒಬ್ಬ ಲೇಖಕನ ಎರಡು ಸಂವಾದಗಳು. ಗ್ರೀಸಿನ ತತ್ತ್ವಜ್ಞಾನಿ ಪ್ಲೇಟೋ ಕ್ರಿ. ಪೂ. ೩೬೦ರ ಸುಮಾರಿಗೆ ಬರೆದ 'ಟಿಮೇಯಸ್' ಮತ್ತು 'ಕ್ರಿಟಿಯಸ್' ಎಂಬುವೇ ಅವು. ಅವನಿಗಿಂತ ಹಿಂದಿನ ಯಾವ ಗ್ರೀಕ್ ಬರಹದಲ್ಲಿಯೂ ಈ ನಾಡಿನ ವರ್ಣನೆ ನಮಗೆ ದೊರೆಯುವುದಿಲ್ಲ.

ಕಥೆಯ ಸಾರಾಂಶವಿದು. ಅಥೆನ್ಸಿನ ಶಾಸನಕರ್ತನಾದ ಸೋಲನ್ ಎಂಬುವನು ಈಜಿಪ್ಟಿಗೆ ಹೋಗಿದ್ದಾಗ ಸಯಿಸ್ ಎಂಬ ಊರಿನ ದೇವಾಲಯದ ಪೂಜಾರಿಯೊಬ್ಬನು ಅವನಿಗೆ ಪ್ರಾಚೀನ ವೃತ್ತಾಂತವೊಂದನ್ನು ಹೇಳಿದನು. ಒಂಬತ್ತು ಸಾವಿರ ವರ್ಷಗಳ ಹಿಂದೆ 'ಹೆರಾಕ್ಲೀಸನ ಸ್ತಂಭಗಳ' ಆಚೆಗೆ, ಎಂದರೆ ಇಂದಿನ ಜಿಬ್ರಾಲ್ಟರ್ ಜಲಸಂಧಿಯ ಹೊರಗೆ, ಲಿಬಿಯ ಮತ್ತು ಏಷ್ಯಗಳನ್ನು ಕೂಡಿಸಿದರೂ ಮೀರುವಂತಹ ದ್ವೀಪವೊಂದಿತ್ತು. ಸಮುದ್ರದೇವತೆಯಾದ ಪೊಸೈಡನ್ನನ ಸಂತತಿಯವರು ಅದನ್ನು ಆಳುತ್ತಿದ್ದರು. ಐಶ್ವರ್ಯದಿಂದ ಮದಿಸಿದ ಅವರು ಯೂರೋಪಿನ ಮೇಲೂ ಏಷ್ಯದ ಮೇಲೂ ದಂಡೆತ್ತಿ ಬಂದರು. ಅಥೆನ್ಸಿನ ವೀರರು ಅವರನ್ನು ಸೋಲಿಸಿದರು. ಅನಂತರ ಭೀಕರವಾದ ಭೂಕಂಪಗಳೂ ಪ್ರವಾಹಗಳೂ ಉಂಟಾಗಿ, ಒಂದೇ ಹಗಲು ಒಂದೇ ರಾತ್ರಿಯಲ್ಲಿ ಆ ದ್ವೀಪವು ಸಮುದ್ರದ ಪಾಲಾಯಿತು. ಎರಡನೆಯ ಸಂವಾದವು ಪೂರ್ಣವಾಗಿಲ್ಲ. ದೇವತೆಗಳನ್ನು ಸಭೆ ಸೇರಿಸಿ ಜ್ಯೂಸ್ ಮಾತನಾಡಲು ತೊಡಗುವಲ್ಲಿಗೆ, ವಾಕ್ಯದ ನಡುವೆಯೇ ಅದು ನಿಂತುಹೋಗಿದೆ.

ಸೋಲನ್ನನ ಕಾಲ ಕ್ರಿ. ಪೂ. ೬೦೦ರ ಆಸುಪಾಸು. ಆದ್ದರಿಂದ ಅಟ್ಲಾಂಟಿಸ್ ಮುಳುಗಿದ್ದು ಕ್ರಿ. ಪೂ. ೯೬೦೦ರ ಸುಮಾರಿಗೆ, ಎಂದರೆ ಇಂದಿಗೆ ೧೧,೬೦೦ ವರ್ಷಗಳ ಹಿಂದೆ ಎಂದಾಗುತ್ತದೆ. ಈ ಅಂಕಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಪ್ಲೇಟೋವಿನ ಅಳತೆಗಳು

ಕಟ್ಟುಕಥೆಯಲ್ಲಿ ಸಾಮಾನ್ಯವಾಗಿ ಅಳತೆಗಳಿರುವುದಿಲ್ಲ. ಪ್ಲೇಟೋ ಮಾತ್ರ ಧಾರಾಳವಾಗಿ ಅಳತೆಗಳನ್ನು ಕೊಟ್ಟಿದ್ದಾನೆ. ನಂಬುವವರಿಗೆ ಇದೇ ದೊಡ್ಡ ಆಕರ್ಷಣೆ. ಅವನು ಬಳಸಿದ ಮಾನ 'ಸ್ಟೇಡಿಯಂ'. ಒಂದು ಸ್ಟೇಡಿಯಂ ಎಂದರೆ ಸುಮಾರು ೧೮೫ ಮೀಟರು. ರಾಜಧಾನಿಯ ನಡುವೆ ೫ ಸ್ಟೇಡಿಯಂ ವ್ಯಾಸದ ದ್ವೀಪ. ಅದರ ಸುತ್ತಲೂ ೧ ಸ್ಟೇಡಿಯಂ ಅಗಲದ ನೀರಿನ ಬಳೆ. ಆಮೇಲೆ ತಲಾ ೨ ಸ್ಟೇಡಿಯಂ ಅಗಲದ ನೆಲ ಮತ್ತು ನೀರು. ಆಮೇಲೆ ತಲಾ ೩ ಸ್ಟೇಡಿಯಂ ಅಗಲದ ನೆಲ ಮತ್ತು ನೀರು. ಇವನ್ನೆಲ್ಲ ಕೂಡಿಸಿದರೆ ಒಟ್ಟು ವ್ಯಾಸ ೨೭ ಸ್ಟೇಡಿಯಂ, ಎಂದರೆ ಸುಮಾರು ೫ ಕಿಲೋಮೀಟರು. ಹೊರಗಿನ ಬಳೆಯಿಂದ ಸಮುದ್ರಕ್ಕೆ ತೋಡಿದ ಕಾಲುವೆಯ ಉದ್ದ ೫೦ ಸ್ಟೇಡಿಯಂ; ಸುಮಾರು ೯ ಕಿಲೋಮೀಟರು.

ನಗರದ ಹಿಂದಿನ ಬಯಲು ೩,೦೦೦ ಸ್ಟೇಡಿಯಂ ಉದ್ದ, ೨,೦೦೦ ಸ್ಟೇಡಿಯಂ ಅಗಲ. ಗುಣಿಸಿ ನೋಡಿದರೆ ಅದು ನಮ್ಮ ಇಡೀ ಕರ್ನಾಟಕ ರಾಜ್ಯಕ್ಕಿಂತ ತುಸು ದೊಡ್ಡದಾಗುತ್ತದೆ. ಈ ಬಯಲಿನ ಸುತ್ತಲೂ ೧೦,೦೦೦ ಸ್ಟೇಡಿಯಂ ಉದ್ದದ, ಒಂದು ಸ್ಟೇಡಿಯಂ ಅಗಲದ, ೧೦೦ ಅಡಿ ಆಳದ ಕಂದಕ. ಇದರಿಂದ ತೆಗೆಯಬೇಕಾದ ಮಣ್ಣು ಸುಮಾರು ೧,೦೦೦ ಕೋಟಿ ಘನ ಮೀಟರು. ಒಬ್ಬ ಆಳು ದಿನಕ್ಕೆ ೨ ಘನ ಮೀಟರಿನಂತೆ ವರ್ಷಕ್ಕೆ ೩೦೦ ದಿನ ಅಗೆಯುವನೆಂದು ಇಟ್ಟುಕೊಂಡರೆ, ಒಂದು ಲಕ್ಷ ಜನರು ಎಡೆಬಿಡದೆ ಅಗೆದರೂ ಸುಮಾರು ೧೭೦ ವರ್ಷ ಹಿಡಿಯುತ್ತದೆ. ಮನುಷ್ಯರ ಕೈಕೆಲಸವೆಂದರೆ ನಂಬುವುದು ಕಷ್ಟವೆಂದು ಪ್ಲೇಟೋವೇ ಒಪ್ಪಿಕೊಂಡಿದ್ದಾನೆ!

ಇನ್ನು ಕಾಲದ ಮಾತು. ಅವನ ಅಟ್ಲಾಂಟಿಸಿನಲ್ಲಿ ಲೋಹದ ಹೊದಿಕೆಯ ಕೋಟೆಗೋಡೆಗಳಿವೆ, ಕುದುರೆ ಪಂದ್ಯದ ಬಯಲುಗಳಿವೆ, ರಥಗಳಿವೆ, ಮೂರು ಸಾಲು ಹುಟ್ಟುಗಳ ಯುದ್ಧನೌಕೆಗಳಿವೆ. ೧೧,೬೦೦ ವರ್ಷಗಳ ಹಿಂದೆ ಮಾನವನು ಕಲ್ಲಿನ ಆಯುಧಗಳನ್ನು ಬಳಸುತ್ತಿದ್ದನು. ಕಂಚು ಮತ್ತು ಬರಹಗಳು ಬಂದು ಐದು ಸಾವಿರಕ್ಕೆ ಸ್ವಲ್ಪ ಹೆಚ್ಚು ವರ್ಷಗಳಾದುವಷ್ಟೆ. ಟರ್ಕಿಯ ಗೋಬೆಕ್ಲಿ ಟೆಪೆಯಲ್ಲಿ ಆ ಪ್ರಾಚೀನ ಕಾಲಕ್ಕೆ ಸಮೀಪದ ದೊಡ್ಡ ಕಲ್ಲುಕಂಬಗಳು ದೊರೆತಿವೆ, ನಿಜ. ಆದರೆ ಅವುಗಳ ಸುತ್ತ ಸಿಕ್ಕಿರುವುದು ಕಲ್ಲಿನ ಉಪಕರಣಗಳು ಮತ್ತು ಬೇಟೆಯಾಡಿದ ಪ್ರಾಣಿಗಳ ಮೂಳೆಗಳು. ಒಂದು ಚೂರು ಲೋಹವೂ ಇಲ್ಲ. ಮೂರು ಸಾಲು ಹುಟ್ಟಿನ ನೌಕೆಯಂತೂ ಪ್ಲೇಟೋವಿಗಿಂತ ಎರಡು ಮೂರು ಶತಮಾನಗಳ ಹಿಂದಿನದು, ಅಷ್ಟೆ. ತನ್ನ ಕಾಲದ ವಸ್ತುಗಳಿಂದಲೇ ಅವನು ಆ ಪುರಾತನ ನಗರವನ್ನು ಅಲಂಕರಿಸಿದ್ದಾನೆ.

ಸಾಗರದ ನಡುವೆ ಖಂಡವಿತ್ತೇ?

ಅಟ್ಲಾಂಟಿಕ್ ಸಾಗರದ ನಡುವೆ ಈ ದ್ವೀಪವನ್ನು ಗುರುತಿಸಿ ನಕ್ಷೆ ಬರೆದವರಲ್ಲಿ ಜೆಸೂಯಿಟ್ ವಿದ್ವಾಂಸನಾದ ಅಥನೇಸಿಯಸ್ ಕಿರ್ಷರ್ ಪ್ರಸಿದ್ಧನು. ೧೬೬೫ರಲ್ಲಿ ಹೊರಬಂದ ಅವನ ಗ್ರಂಥದಲ್ಲಿ ಈ ನಕ್ಷೆಯಿದೆ. ಆದರೆ ಈ ವಾದವನ್ನು ಮನೆಮನೆಗೆ ಮುಟ್ಟಿಸಿದವನು ಅಮೆರಿಕದ ರಾಜಕಾರಣಿ ಇಗ್ನೇಷಿಯಸ್ ಡಾನೆಲಿ. ೧೮೭೨ರಿಂದ ೧೮೭೬ರ ವರೆಗೆ 'ಚಾಲೆಂಜರ್' ಎಂಬ ಬ್ರಿಟಿಷ್ ಹಡಗು ಸಾಗರಗಳ ಆಳವನ್ನು ಅಳೆಯುತ್ತ ಸಂಚರಿಸಿ, ಅಟ್ಲಾಂಟಿಕ್ಕಿನ ನಡುವೆ ಉದ್ದಕ್ಕೂ ದಿಣ್ಣೆಯೊಂದಿರುವುದನ್ನು ತೋರಿಸಿಕೊಟ್ಟಿತು. ಡಾನೆಲಿ ೧೮೮೨ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಆ ದಿಣ್ಣೆಯೇ ಮುಳುಗಿದ ಅಟ್ಲಾಂಟಿಸ್, ಅಜೋರ್ಸ್ ದ್ವೀಪಗಳು ಅದರ ಶಿಖರಗಳು ಎಂದು ವಾದಿಸಿದನು. ಆ ಕಾಲದ ತಿಳಿವಳಿಕೆಗೆ ಇದು ತೀರ ಅಸಂಬದ್ಧವೇನೂ ಆಗಿರಲಿಲ್ಲ.

ಇಲ್ಲಿಯೇ ಆರ್ಕಿಮಿಡೀಸನು ನಮ್ಮ ನೆರವಿಗೆ ಬರುತ್ತಾನೆ. ಖಂಡಗಳ ಶಿಲೆಯ ಸರಾಸರಿ ಸಾಂದ್ರತೆ ನೀರಿನ ೨.೮ರಷ್ಟು; ಅದರ ಅಡಿಯಲ್ಲಿರುವ ಮ್ಯಾಂಟಲ್ ಎಂಬ ಪದರದ್ದು ೩.೩ರಷ್ಟು. ಮ್ಯಾಂಟಲ್ ಘನವೇ ಆದರೂ ಸಾವಿರಾರು ವರ್ಷಗಳ ಒತ್ತಡಕ್ಕೆ ಅತಿ ಗಟ್ಟಿಯಾದ ಅರಗಿನಂತೆ ನಿಧಾನವಾಗಿ ಹರಿಯಬಲ್ಲುದು. ಆದ್ದರಿಂದ ನೀರಿನ ಮೇಲೆ ಮಂಜುಗಡ್ಡೆ ತೇಲುವಂತೆ, ಖಂಡವು ನೂರಕ್ಕೆ ಸುಮಾರು ೮೫ ಪಾಲು ಕೆಳಗೂ ೧೫ ಪಾಲು ಮೇಲೂ ಆಗಿ ತೇಲುತ್ತಿರುತ್ತದೆ. ತೇಲುತ್ತಿರುವ ಮಂಜುಗಡ್ಡೆಯನ್ನು ಮುಳುಗಿಸಬೇಕಾದರೆ ಅದರ ಮೇಲೆ ಭಾರ ಹೇರಬೇಕು, ಇಲ್ಲವೆ ಅದನ್ನು ತೆಳ್ಳಗೆ ಮಾಡಬೇಕು. ಭೂಕಂಪವು ಇವೆರಡನ್ನೂ ಮಾಡುವುದಿಲ್ಲ. ಅತಿ ದೊಡ್ಡ ಭೂಕಂಪಗಳಲ್ಲಿಯೂ ಕರಾವಳಿಯ ನೆಲ ಕುಸಿಯುವುದು ಕೆಲವೇ ಮೀಟರುಗಳಷ್ಟು; ಅಟ್ಲಾಂಟಿಕ್ಕಿನ ತಳವಿರುವುದು ಕಿಲೋಮೀಟರುಗಳ ಆಳದಲ್ಲಿ.

ಖಂಡವು ಮುಳುಗುವುದೇ ಇಲ್ಲವೆಂದು ಇದರ ಅರ್ಥವಲ್ಲ. ನ್ಯೂಜಿಲೆಂಡಿನ ಸುತ್ತ ಸುಮಾರು ೪೯ ಲಕ್ಷ ಚದರ ಕಿಲೋಮೀಟರಿನ 'ಜೀಲಾಂಡಿಯ' ಎಂಬ ಖಂಡವಿದೆ. ೨೦೧೭ರಲ್ಲಿ ಭೂವಿಜ್ಞಾನಿಗಳು ಅದನ್ನು ಖಂಡವೆಂದೇ ಪರಿಗಣಿಸಬೇಕೆಂದು ಪ್ರಮಾಣಸಹಿತ ವಾದಿಸಿದರು. ಅದರಲ್ಲಿ ನೂರಕ್ಕೆ ೯೪ ಪಾಲು ನೀರಿನಡಿಯಲ್ಲಿದೆ! ಆದರೆ ಅದು ಮುಳುಗಿದ್ದು ಏಕೆ? ಎಳೆತಕ್ಕೆ ಸಿಕ್ಕಿ ಅದರ ಶಿಲಾಪದರ ತೆಳ್ಳಗಾದುದರಿಂದ. ಎಷ್ಟು ಕಾಲದಲ್ಲಿ? ಕೋಟ್ಯಂತರ ವರ್ಷಗಳಲ್ಲಿ. ಅಲ್ಲಿ ಮನುಷ್ಯನ ಪ್ರಶ್ನೆಯೇ ಬರುವುದಿಲ್ಲ.

ಡಾನೆಲಿಯ ದಿಣ್ಣೆಯ ಗತಿಯೇನಾಯಿತು? ೧೯೫೦ರ ದಶಕದಲ್ಲಿ ಮೇರಿ ಥಾರ್ಪ್ ಮತ್ತು ಬ್ರೂಸ್ ಹೀಜೆನ್ ಅವರು ಪ್ರತಿಧ್ವನಿಯ ಮೂಲಕ ಅಳೆದ ಆಳಗಳನ್ನೆಲ್ಲ ಕ್ರೋಡೀಕರಿಸಿ ನಕ್ಷೆ ಬರೆದರು. ದಿಣ್ಣೆಯ ನೆತ್ತಿಯ ಮೇಲೆ ಉದ್ದಕ್ಕೂ ಸೀಳು ಕಣಿವೆಯಿರುವುದನ್ನು ಥಾರ್ಪ್ ಗುರುತಿಸಿದರು. ೧೯೬೨ರಲ್ಲಿ ಹ್ಯಾರಿ ಹೆಸ್ ಅವರು ಅದರ ಅರ್ಥವನ್ನು ವಿವರಿಸಿದರು: ಅದು ಮುಳುಗಿದ ನೆಲವಲ್ಲ, ಹೊಸದಾಗಿ ಹುಟ್ಟುತ್ತಿರುವ ನೆಲ. ಒಳಗಿನಿಂದ ಬಸಾಲ್ಟ್ ಶಿಲಾರಸವು ಉಕ್ಕಿ ಎರಡು ಪಕ್ಕಗಳಿಗೂ ಸರಿಯುತ್ತಿದೆ. ಸಾಗರವು ವರ್ಷಕ್ಕೆ ಸುಮಾರು ಎರಡೂವರೆ ಸೆಂಟಿಮೀಟರು ಅಗಲವಾಗುತ್ತಿದೆ. ಹಾಗಾದರೆ ೧೧,೬೦೦ ವರ್ಷಗಳ ಹಿಂದೆ ಅಟ್ಲಾಂಟಿಕ್ ಇಂದಿಗಿಂತ ಸುಮಾರು ೨೯೦ ಮೀಟರು ಕಿರಿದಾಗಿತ್ತು. ಉಳಿದುದೆಲ್ಲ ಆಗಲೂ ಹೀಗೆಯೇ ಇತ್ತು. ಖಂಡವೊಂದನ್ನು ಇಡಲು ಅಲ್ಲಿ ಜಾಗವೇ ಇಲ್ಲ.

ಏಳುವ ನೆಲದಲ್ಲಿ ಮುಳುಗಿದ ನಾಡು

ಸ್ವೀಡನ್ನಿನ ಓಲೋಫ್ ರುಡ್ಬೆಕ್ ಸಾಮಾನ್ಯನಲ್ಲ. ಮಾನವದೇಹದ ದುಗ್ಧರಸ ನಾಳಗಳನ್ನು ಕಂಡುಹಿಡಿದವರಲ್ಲಿ ಒಬ್ಬನು. ಉಪ್ಸಾಲ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನು. ಇಂತಹವನು ೧೬೭೯ರಿಂದ ಆರಂಭಿಸಿ 'ಅಟ್ಲಾಂಟಿಕಾ' ಎಂಬ ಹಲವು ಸಂಪುಟಗಳ ಗ್ರಂಥವನ್ನು ಹೊರತಂದು, ಅಟ್ಲಾಂಟಿಸ್ ಸ್ವೀಡನ್ನೇ, ಅದರ ರಾಜಧಾನಿ ಉಪ್ಸಾಲದ ಬಳಿಯೇ ಇತ್ತು ಎಂದು ಸಾಧಿಸಲು ಹೊರಟನು. ಪದಗಳ ಧ್ವನಿಸಾಮ್ಯವೇ ಅವನಿಗೆ ಮುಖ್ಯ ಪ್ರಮಾಣ.

ಪ್ರಕೃತಿ ಅವನಿಗೆ ವಿಪರೀತವಾಗಿ ನಡೆದುಕೊಂಡಿದೆ. ಹಿಮಯುಗದಲ್ಲಿ ಕಿಲೋಮೀಟರುಗಟ್ಟಲೆ ದಪ್ಪದ ಹಿಮದ ಭಾರದಿಂದ ಸ್ಕ್ಯಾಂಡಿನೇವಿಯದ ನೆಲ ಕುಗ್ಗಿತ್ತು. ಹಿಮ ಕರಗಿ ಭಾರ ಇಳಿದ ಮೇಲೆ ಅದು ಮೇಲೇಳತೊಡಗಿತು. ಬೋತ್ನಿಯ ಕೊಲ್ಲಿಯ ದಡಗಳಲ್ಲಿ ಇಂದಿಗೂ ನೆಲವು ವರ್ಷಕ್ಕೆ ಒಂದು ಸೆಂಟಿಮೀಟರಿಗೆ ಸಮೀಪ ಏಳುತ್ತಿದೆ. ಪ್ಲೇಟೋ ಹೇಳಿದ ಕಾಲದಲ್ಲಿ ಉಪ್ಸಾಲದ ನೆಲವು ಹಿಮದಡಿಯಲ್ಲಿತ್ತು, ಆಮೇಲೆ ಬಹುಕಾಲ ಸಮುದ್ರದಡಿಯಲ್ಲಿತ್ತು, ಕೊನೆಗೆ ಮೇಲೆ ಬಂದಿತು. ಮುಳುಗಿದ ನಾಡನ್ನು ಹುಡುಕುತ್ತ ರುಡ್ಬೆಕ್ಕನು ಎದ್ದ ನಾಡಿನ ಮೇಲೆ ನಿಂತಿದ್ದನು! ಒಂದು ಶಾಸ್ತ್ರದಲ್ಲಿ ನಿಪುಣನಾದವನು ಬೇರೆ ವಿಷಯದಲ್ಲಿಯೂ ನಿಪುಣನಾಗಿರಬೇಕಾಗಿಲ್ಲ.

ಐನ್‌ಸ್ಟೈನರ ಮುನ್ನುಡಿ

ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇದಕ್ಕೆ ಇನ್ನೊಂದು ನಿದರ್ಶನವನ್ನು ಕೊಡಬಹುದು. ೧೯೫೮ರಲ್ಲಿ ಅಮೆರಿಕದ ಅಧ್ಯಾಪಕ ಚಾರ್ಲ್ಸ್ ಹ್ಯಾಪ್‌ಗುಡ್ ಅವರು, ಭೂಮಿಯ ಹೊರಚಿಪ್ಪು ಕಿತ್ತಳೆಯ ಸಿಪ್ಪೆಯಂತೆ ಒಟ್ಟಾಗಿ ಜಾರುತ್ತದೆಂದು ಗ್ರಂಥವೊಂದನ್ನು ಬರೆದರು. ಅದಕ್ಕೆ ಮುನ್ನುಡಿ ಬರೆದವರು ಆಲ್ಬರ್ಟ್ ಐನ್‌ಸ್ಟೈನರು. ಈ ವಾದವನ್ನು ಹಿಡಿದು ೧೯೯೫ರಲ್ಲಿ ಕೆನಡದ ಫ್ಲೆಮ್-ಆತ್ ದಂಪತಿಗಳು, ಅಟ್ಲಾಂಟಿಸ್ ಎಂದರೆ ದಕ್ಷಿಣಧ್ರುವದ ಅಂಟಾರ್ಕ್ಟಿಕ ಖಂಡವೇ, ಅದು ಹಿಂದೆ ಬೆಚ್ಚಗಿದ್ದು ೧೧,೬೦೦ ವರ್ಷಗಳ ಹಿಂದೆ ಧ್ರುವಕ್ಕೆ ಜಾರಿತು ಎಂದರು. "ಐನ್‌ಸ್ಟೈನರೇ ಒಪ್ಪಿದ್ದಾರೆ" ಎಂಬ ಮಾತು ಅಂದಿನಿಂದಲೂ ಕೇಳಿಬರುತ್ತಿದೆ.

ಐನ್‌ಸ್ಟೈನರು ಬರೆದುದನ್ನು ಓದಿದರೆ, ಈ ವಿಚಾರವು ಮುಂದೆಯೂ ಪ್ರಮಾಣಗಳಿಂದ ಸಮರ್ಥಿತವಾದಲ್ಲಿ ಮಹತ್ತ್ವದ್ದಾದೀತೆಂಬ ನಿಬಂಧನೆ ಅದರಲ್ಲಿ ಸ್ಪಷ್ಟವಾಗಿದೆ. ಪ್ರಮಾಣಗಳು ಬಂದುವು, ವಿರುದ್ಧವಾಗಿ ಬಂದುವು. ಅಂಟಾರ್ಕ್ಟಿಕದ 'ಡೋಮ್ ಸಿ' ಎಂಬಲ್ಲಿ ಯೂರೋಪಿನ ವಿಜ್ಞಾನಿಗಳು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹಿಮವನ್ನು ಕೊರೆದು ತೆಗೆದಿದ್ದಾರೆ. ಬಿದ್ದ ಹಿಮ ಪದರ ಪದರವಾಗಿ ಒತ್ತಿಕೊಂಡಿರುವ ಆ ಕಂಬದಲ್ಲಿ ಎಂಟು ಲಕ್ಷ ವರ್ಷಗಳ ಹಿಂದಿನ ಪದರಗಳು ಕ್ರಮವಾಗಿ ಉಳಿದುಬಂದಿವೆ. ಹನ್ನೆರಡು ಸಾವಿರ ವರ್ಷಗಳ ಹಿಂದೆ ಅದು ಬೆಚ್ಚಗಿನ ನಾಡಾಗಿದ್ದರೆ ಅದಕ್ಕೆ ಹಿಂದಿನ ಹಿಮ ಉಳಿಯುತ್ತಿತ್ತೇ? ವಿಜ್ಞಾನದಲ್ಲಿ ಎಷ್ಟು ದೊಡ್ಡವರ ಹೆಸರಾದರೂ ಒಂದು ಹಿಮದ ಪದರಕ್ಕೆ ಸಾಟಿಯಾಗದು.

ಸಹಾರಾದ ಕಣ್ಣು, ಬಿಮಿನಿಯ ರಸ್ತೆ

ಈಗ ನಮ್ಮ ವಿದ್ಯಾರ್ಥಿಯ ಚಿತ್ರಕ್ಕೆ ಬರೋಣ. ಅದು ಆಫ್ರಿಕದ ಮಾರಿಟೇನಿಯ ದೇಶದಲ್ಲಿರುವ 'ರಿಷಾಟ್' ರಚನೆ. 'ಸಹಾರಾದ ಕಣ್ಣು' ಎಂದು ಪ್ರಸಿದ್ಧವಾಗಿದೆ. ೧೯೬೫ರಲ್ಲಿ 'ಜೆಮಿನಿ ೪' ನೌಕೆಯ ಗಗನಯಾತ್ರಿಗಳು ಇದರ ಚಿತ್ರ ತೆಗೆದ ಮೇಲೆ ಇದರ ಕೀರ್ತಿ ಹರಡಿತು. ವರ್ತುಲಗಳನ್ನು ನೋಡಿದೊಡನೆ ಪ್ಲೇಟೋವಿನ ನಗರ ನೆನಪಾಗುವುದು ಸಹಜವೇ.

ಆದರೆ ಅಳತೆಗಳನ್ನು ಹೋಲಿಸೋಣ. ಪ್ಲೇಟೋವಿನ ವರ್ತುಲಗಳ ವ್ಯಾಸ ೫ ಕಿಲೋಮೀಟರು. ರಿಷಾಟಿನದು ಸುಮಾರು ೪೦. ಪ್ಲೇಟೋವಿನ ನಗರ ಸಮುದ್ರದಿಂದ ೯ ಕಿಲೋಮೀಟರು. ರಿಷಾಟ್ ಸುಮಾರು ೫೦೦. ಅಟ್ಲಾಂಟಿಸ್ ನೀರಿನಲ್ಲಿ ಮುಳುಗಿತು. ರಿಷಾಟ್ ಸಮುದ್ರಮಟ್ಟಕ್ಕಿಂತ ಸುಮಾರು ೪೦೦ ಮೀಟರು ಮೇಲಿದೆ. ಅದನ್ನು ಕಟ್ಟಿದವರೂ ಯಾರೂ ಇಲ್ಲ. ಸುಮಾರು ಹತ್ತು ಕೋಟಿ ವರ್ಷಗಳ ಹಿಂದೆ ಒಳಗಿನ ಶಿಲಾರಸವು ಒತ್ತಿ, ಶಿಲಾಪದರಗಳು ಗುಮ್ಮಟದಂತೆ ಉಬ್ಬಿದುವು. ಅನಂತರ ಗಾಳಿ ಮಳೆಗಳು ಉಬ್ಬಿನ ನೆತ್ತಿಯನ್ನು ಸವೆಸಿದುವು. ಗಟ್ಟಿ ಪದರಗಳು ಏಣುಗಳಾಗಿ ನಿಂತವು, ಮೆದು ಪದರಗಳು ತಗ್ಗುಗಳಾದುವು. ಈರುಳ್ಳಿಯ ತಲೆಯನ್ನು ಅಡ್ಡಕ್ಕೆ ಕೊಯ್ದರೆ ಬಳೆಗಳು ಕಾಣುವಂತೆ, ಇಲ್ಲಿಯೂ ಬಳೆಗಳು ಕಾಣುತ್ತವೆ. ಅಲ್ಲಿ ಶಿಲಾಯುಗದ ಕೈಗೊಡಲಿಗಳು ದೊರೆತಿವೆ, ನಗರವಲ್ಲ.

ಬಹಾಮಾ ದ್ವೀಪಗಳ ಬಿಮಿನಿ ಎಂಬಲ್ಲಿ ೧೯೬೮ರಲ್ಲಿ ಸಮುದ್ರದಡಿಯಲ್ಲಿ, ಐದಾರು ಮೀಟರಿನ ಆಳದಲ್ಲಿ, ಚಪ್ಪಡಿ ಹಾಸಿದಂತಹ 'ರಸ್ತೆ'ಯೊಂದು ಕಂಡಿತು. ಎಡ್ಗರ್ ಕೇಸಿ ಎಂಬ ಅಮೆರಿಕದ ಭವಿಷ್ಯವಾದಿಯು ೧೯೬೮ ಅಥವಾ ೧೯೬೯ರಲ್ಲಿ ಅಟ್ಲಾಂಟಿಸ್ ಮೇಲೇಳುವುದೆಂದು ಮೊದಲೇ ನುಡಿದಿದ್ದುದರಿಂದ ಕೋಲಾಹಲವೇ ಆಯಿತು. ಭೂವಿಜ್ಞಾನಿ ಯೂಜೀನ್ ಶಿನ್ ಅವರು ಆ ಚಪ್ಪಡಿಗಳನ್ನು ಕೊರೆದು ನೋಡಿದರು. ಕಡಲತೀರದ ಮರಳು ಸುಣ್ಣದ ಅಂಶದಿಂದ ಬೆಸೆದು ಕಲ್ಲಾಗಿ, ಆಮೇಲೆ ಬಿರುಕು ಬಿಟ್ಟದ್ದೇ ಈ ಚಪ್ಪಡಿಗಳು. ಒಂದು ಕಲ್ಲಿನ ಒಳಪದರಗಳು ಪಕ್ಕದ ಕಲ್ಲಿನಲ್ಲಿ ಹಾಗೆಯೇ ಮುಂದುವರಿದಿದ್ದುವು. ಬೇರೆಡೆಯಿಂದ ತಂದು ಜೋಡಿಸಿದ ಕಲ್ಲುಗಳಲ್ಲಿ ಹೀಗಿರುವುದು ಸಾಧ್ಯವಿಲ್ಲ. ವಯಸ್ಸೂ ಕೆಲವು ಸಾವಿರ ವರ್ಷಗಳು ಮಾತ್ರ.

ಸತ್ಯಕ್ಕೆ ಸಮೀಪಿಸಿದ ವಾದಗಳು

ವಿಲಕ್ಷಣವಾದ ವಾದಗಳೆಲ್ಲವೂ ವ್ಯರ್ಥವೆಂದು ಭಾವಿಸಬಾರದು. ಗ್ರೀಸಿನ ಪುರಾತತ್ತ್ವಜ್ಞ ಸ್ಪಿರಿಡನ್ ಮರಿನಾಟೋಸ್ ಅವರು ೧೯೩೯ರಲ್ಲಿ, ಕ್ರೀಟ್ ದ್ವೀಪದ ಮಿನೋವನ್ ಸಂಸ್ಕೃತಿಯ ನಾಶಕ್ಕೆ ಥೀರಾ ದ್ವೀಪದ ಜ್ವಾಲಾಮುಖಿಯೇ ಕಾರಣವೆಂದು ಬರೆದರು. ಹಲವರು ಸಂಶಯಪಟ್ಟರು. ಅವರು ೧೯೬೭ರಲ್ಲಿ ಥೀರಾದ ಅಕ್ರೋಟಿರಿಯಲ್ಲಿ ಅಗೆಯತೊಡಗಿದಾಗ, ಜ್ವಾಲಾಮುಖಿಯ ಬೂದಿಯ ಕೆಳಗೆ ಒಂದು ಪೂರ್ಣ ಪಟ್ಟಣವೇ ದೊರೆಯಿತು. ಎರಡು ಮೂರು ಅಂತಸ್ತಿನ ಮನೆಗಳು, ಚರಂಡಿಗಳು, ಗೋಡೆಗಳ ಮೇಲೆ ಬಣ್ಣಗೆಡದ ಚಿತ್ರಗಳು!

ಹಾಗಾದರೆ ಇದೇ ಅಟ್ಲಾಂಟಿಸೇ? ಭೂಕಂಪಶಾಸ್ತ್ರಜ್ಞ ಗಲನೊಪೌಲೋಸ್ ಅವರು ೧೯೬೦ರಲ್ಲಿ, ಈಜಿಪ್ಟಿನ ಲೆಕ್ಕವನ್ನು ಗ್ರೀಕಿಗೆ ತರುವಾಗ ನೂರು ಸಾವಿರವಾಯಿತೆಂದೂ, ೯,೦೦೦ ವರ್ಷವನ್ನು ೯೦೦ ಎಂದು ತಿದ್ದಿಕೊಂಡರೆ ಥೀರಾದ ಕಾಲಕ್ಕೆ ಸರಿಹೊಂದುವುದೆಂದೂ ಸೂಚಿಸಿದರು. ಆದರೆ ಈಜಿಪ್ಟಿನ ಲಿಪಿಯಲ್ಲಿ ನೂರಕ್ಕೆ ಹಗ್ಗದ ಸುರುಳಿ, ಸಾವಿರಕ್ಕೆ ತಾವರೆ. ಒಂದನ್ನು ನೋಡಿ ಇನ್ನೊಂದೆನ್ನುವುದು ಸುಲಭವಲ್ಲ. ಅಲ್ಲದೆ ಸಾವಿರಕ್ಕೆ ಮೇಲ್ಪಟ್ಟ ಅಂಕಿಗಳನ್ನು ಮಾತ್ರ ಹತ್ತರಿಂದ ಭಾಗಿಸಿ ಉಳಿದುವನ್ನು ಹಾಗೆಯೇ ಬಿಡುವುದು ನ್ಯಾಯವೇ? ಥೀರಾ ಇರುವುದು ಹೆರಾಕ್ಲೀಸನ ಸ್ತಂಭಗಳ ಒಳಗೆ, ಹೊರಗಲ್ಲ. ವಿಕಿರಣಶೀಲ ಇಂಗಾಲದ ಲೆಕ್ಕದಂತೆ ಸ್ಫೋಟವಾದದ್ದು ಕ್ರಿ. ಪೂ. ೧೬೦೦ರ ಆಚೀಚೆ, ಕ್ರೀಟಿನ ಅರಮನೆಗಳು ಹಾಳಾದದ್ದು ಕ್ರಿ. ಪೂ. ೧೪೫೦ರ ಸುಮಾರಿಗೆ. ಅಟ್ಲಾಂಟಿಸ್ ಸಿಗಲಿಲ್ಲ, ಆದರೂ ಅಗೆದುದು ಸಾರ್ಥಕವಾಯಿತು.

ಇನ್ನೊಂದು ವಾದವು ಹಿಮಯುಗದ ಅಂತ್ಯವನ್ನು ಆಧರಿಸಿದೆ. ಇಪ್ಪತ್ತು ಸಾವಿರ ವರ್ಷಗಳ ಹಿಂದೆ ಸಮುದ್ರಮಟ್ಟವು ಇಂದಿಗಿಂತ ಸುಮಾರು ೧೨೦ ಮೀಟರು ಕೆಳಗಿತ್ತು. ಫ್ರಾನ್ಸಿನ ಝಾಕ್ ಕೊಲಿನಾ-ಜಿರಾರ್ ಅವರು ೨೦೦೧ರಲ್ಲಿ, ಜಿಬ್ರಾಲ್ಟರಿನ ಹೊರಗೆ ಈಗ ೫೬ ಮೀಟರು ಆಳದಲ್ಲಿರುವ 'ಸ್ಪಾರ್ಟೆಲ್' ದಿಬ್ಬವು ಆಗ ದ್ವೀಪವಾಗಿತ್ತೆಂದು ತೋರಿಸಿದರು. ಅದು ಮುಳುಗಿದ್ದು ಸುಮಾರು ಪ್ಲೇಟೋ ಹೇಳಿದ ಕಾಲಕ್ಕೇ. ಜಾಗವೂ ಕಾಲವೂ ಸರಿಹೋದುವು! ಆದರೆ ಆ ದ್ವೀಪವು ಅತಿ ದೊಡ್ಡದಾಗಿದ್ದಾಗಲೂ ಅದರ ಉದ್ದ ಕೇವಲ ೧೪ ಕಿಲೋಮೀಟರು. ಮೇಲಾಗಿ ಆ ಕಾಲದಲ್ಲಿ ಸಮುದ್ರವು ಅತಿ ವೇಗವಾಗಿ ಏರಿದ್ದೆಂದರೆ ವರ್ಷಕ್ಕೆ ನಾಲ್ಕೈದು ಸೆಂಟಿಮೀಟರು. ಅದರಿಂದ ಓಡಿ ತಪ್ಪಿಸಿಕೊಳ್ಳಲು ನಡೆಯುವುದೂ ಬೇಕಾಗಿಲ್ಲ. ಮೊಮ್ಮಗನ ಕಾಲಕ್ಕೆ ಗುಡಿಸಲನ್ನು ಸ್ವಲ್ಪ ಹಿಂದಕ್ಕೆ ಹಾಕಿಕೊಂಡರೆ ಸಾಕು.

ಲೆಮೂರಿಯ ಮತ್ತು ಮಲ್ಪೆಯ ಕಲ್ಲುಗಳು

ಹಿಂದೂ ಮಹಾಸಾಗರಕ್ಕೂ ಇಂತಹ ಒಂದು ಮುಳುಗಿದ ಖಂಡವನ್ನು ಕಲ್ಪಿಸಿದ್ದುಂಟು. ಮಡಗಾಸ್ಕರಿನ ಲೆಮೂರ್ ಎಂಬ ಪ್ರಾಣಿಗೂ ನಮ್ಮ ಕಾಡುಗಳ ಕಾಡುಪಾಪಕ್ಕೂ ಬಂಧುತ್ವವಿದೆ. ನಡುವೆ ಸಾವಿರಾರು ಮೈಲಿ ಸಮುದ್ರವಿರುವಾಗ ಇದು ಹೇಗೆ? ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಫಿಲಿಪ್ ಸ್ಕ್ಲೇಟರ್ ೧೮೬೪ರಲ್ಲಿ, ನಡುವೆ ಖಂಡವೊಂದಿದ್ದು ಮುಳುಗಿರಬೇಕೆಂದು ಊಹಿಸಿ ಅದಕ್ಕೆ 'ಲೆಮೂರಿಯ' ಎಂದು ಹೆಸರಿಟ್ಟನು. ಅನಂತರ ಬ್ಲಾವಟ್ಸ್ಕಿ ಮೊದಲಾದ ಥಿಯಾಸಫಿಸ್ಟರು ಅದರಲ್ಲಿ ವಿಚಿತ್ರ ಮಾನವರನ್ನು ನೆಲೆಗೊಳಿಸಿದರು.

ಪ್ರಶ್ನೆ ಒಳ್ಳೆಯದೇ ಆಗಿತ್ತು; ಉತ್ತರ ಮಾತ್ರ ಬೇರೆಯಾಗಿತ್ತು. ಖಂಡವು ಮುಳುಗಲಿಲ್ಲ, ಸರಿಯಿತು. ಜರ್ಮನಿಯ ಆಲ್ಫ್ರೆಡ್ ವೆಗೆನರ್ ಅವರು ೧೯೧೨ರಲ್ಲಿ ಖಂಡಗಳು ಚಲಿಸುತ್ತವೆಂದಾಗ ಪಂಡಿತರು ಅವರನ್ನು ಹಾಸ್ಯಮಾಡಿದರು. ಅವರು ತೀರಿಕೊಂಡು ಮೂರು ದಶಕಗಳಾದ ಮೇಲೆ ಸಾಗರತಳದ ಶಿಲೆಗಳೇ ಅವರ ಪರವಾಗಿ ಸಾಕ್ಷಿ ನುಡಿದುವು. ಭಾರತವೂ ಮಡಗಾಸ್ಕರೂ ಹಿಂದೆ ಒಂದಾಗಿದ್ದುವು, ಸುಮಾರು ೮.೮ ಕೋಟಿ ವರ್ಷಗಳ ಹಿಂದೆ ಬೇರ್ಪಟ್ಟುವು. ಉಡುಪಿಯ ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪಗಳಲ್ಲಿ ಕೆತ್ತಿ ನಿಲ್ಲಿಸಿದಂತಿರುವ ಬಹುಕೋನದ ಕಲ್ಲುಕಂಬಗಳನ್ನು ವಾಚಕರಲ್ಲಿ ಹಲವರು ನೋಡಿರಬಹುದು. ಆ ಅಗಲಿಕೆಯ ಕಾಲದಲ್ಲಿ ಉಕ್ಕಿದ ಶಿಲಾರಸವು ತಣಿದು, ಕುಗ್ಗಿ, ಬಿರಿದು ಆದುವು ಅವು. ಲೆಮೂರ್‌ಗಳ ಪೂರ್ವಜರು ಆಮೇಲೆ ಆಫ್ರಿಕದಿಂದ ತೇಲುವ ಮರಗಿಡಗಳ ಮೇಲೆ ಮಡಗಾಸ್ಕರಿಗೆ ಸೇರಿರಬೇಕೆಂಬುದು ಇಂದಿನ ಪ್ರಾಣಿಶಾಸ್ತ್ರಜ್ಞರ ಅಭಿಪ್ರಾಯ.

ವೆಗೆನರ್ ಅವರನ್ನೂ ಹಾಸ್ಯಮಾಡಿದರು, ಡಾನೆಲಿಯನ್ನೂ ಹಾಸ್ಯಮಾಡಿದರು. ಹಾಸ್ಯಕ್ಕೆ ಗುರಿಯಾದುದರಿಂದ ವಾದವು ಸತ್ಯವಾಗುವುದಿಲ್ಲ, ಅಸತ್ಯವೂ ಆಗುವುದಿಲ್ಲ. ಮುಂದೆ ದೊರೆತ ಅಳತೆಗಳು ಒಬ್ಬರ ಪಕ್ಷಕ್ಕೆ ಬಂದುವು, ಇನ್ನೊಬ್ಬರ ಪಕ್ಷವನ್ನು ಬಿಟ್ಟುವು.

ನಂಬಿದರೆ ನಷ್ಟವೇನು?

"ಇರಲಿ, ಸುಂದರವಾದ ಕಥೆ, ನಂಬಿಕೊಂಡರೆ ಯಾರಿಗೆ ನಷ್ಟ?" ಎಂದು ಕೆಲವರು ಕೇಳಬಹುದು. ನಷ್ಟವಿದೆ. ಈಜಿಪ್ಟಿನ ಪಿರಮಿಡ್ಡುಗಳನ್ನೂ ಮಧ್ಯ ಅಮೆರಿಕದ ಮಾಯಾ ಜನರ ದೇಗುಲಗಳನ್ನೂ ಡಾನೆಲಿ ಅಟ್ಲಾಂಟಿಸಿನ ಖಾತೆಗೆ ಬರೆದನು. ೧೯೧೦ರಲ್ಲಿ ಜರ್ಮನಿಯ ಲಿಯೋ ಫ್ರೊಬೇನಿಯಸ್ ಅವರು ನೈಜೀರಿಯದ ಇಫೆ ಎಂಬಲ್ಲಿ ಅತ್ಯಂತ ಸುಂದರವಾದ ಲೋಹದ ಮತ್ತು ಸುಟ್ಟ ಮಣ್ಣಿನ ಶಿರೋವಿಗ್ರಹಗಳನ್ನು ಕಂಡರು. ಅವನ್ನು ಅಲ್ಲಿನ ಕರಿಯ ಜನರು ಮಾಡಿರಲಾರರೆಂದೂ, ಅಟ್ಲಾಂಟಿಸಿನ ಅವಶೇಷವಿರಬೇಕೆಂದೂ ಸಾರಿದರು. ಅವನ್ನು ಮಾಡಿದವರು ಯೊರುಬಾ ಜನರ ಪೂರ್ವಜರೇ, ಕೆಲವೇ ಶತಮಾನಗಳ ಹಿಂದೆ, ಎಂದು ಈಗ ಸಿದ್ಧವಾಗಿದೆ. ನಾಟ್ಸಿಗಳ ಕಾಲದ ಜರ್ಮನಿಯಲ್ಲಿ ೧೯೩೫ರಲ್ಲಿ ಸ್ಥಾಪಿತವಾದ 'ಆನೆನೆರ್ಬೆ' ಎಂಬ ಸಂಸ್ಥೆಯ ಮೊದಲ ಮುಖ್ಯಸ್ಥ ಹರ್ಮನ್ ವಿರ್ತ್ ಆರ್ಯ ಜನಾಂಗದ ಮೂಲವನ್ನು ಇಂತಹ ಕಳೆದುಹೋದ ಉತ್ತರದ ನಾಡಿನಲ್ಲಿಯೇ ಹುಡುಕಿದನು. ಹೀಗೆ, ಇಲ್ಲದ ನಾಡಿನವರಿಗೆ ಕೊಟ್ಟ ಕೀರ್ತಿಯು ಇದ್ದ ನಾಡಿನ ಕುಶಲಕರ್ಮಿಗಳಿಂದ ಕಿತ್ತುಕೊಂಡದ್ದೇ ಆಗಿದೆ.

ಉಪಸಂಹಾರ

ಪ್ಲೇಟೋವಿಗೆ ಈ ಕಲ್ಪನೆ ಎಲ್ಲಿಂದ ಬಂದಿತು? ಕ್ರಿ. ಪೂ. ೩೭೩ರಲ್ಲಿ, ಅವನು ಐವತ್ತು ದಾಟಿದ್ದಾಗ, ಕೊರಿಂತ್ ಕೊಲ್ಲಿಯ ದಡದಲ್ಲಿದ್ದ ಹೆಲಿಕೆ ಎಂಬ ನಗರವು ಭೂಕಂಪಕ್ಕೂ ಸಮುದ್ರದ ಅಲೆಗೂ ಸಿಕ್ಕಿ ಒಂದೇ ರಾತ್ರಿಯಲ್ಲಿ ನಾಶವಾಯಿತು. ಪೊಸೈಡನ್ನನ ಪ್ರಸಿದ್ಧ ದೇವಾಲಯವಿದ್ದ ಊರು ಅದು. ಈ ಸುದ್ದಿ ಗ್ರೀಸಿನಲ್ಲೆಲ್ಲ ಹರಡಿತ್ತು. ಮದಿಸಿದ ರಾಜ್ಯವು ಹೇಗೆ ನಾಶವಾಗುತ್ತದೆಂದು ತೋರಿಸಹೊರಟ ತತ್ತ್ವಜ್ಞಾನಿಗೆ ಇದಕ್ಕಿಂತ ಹೆಚ್ಚಿನ ಸಾಮಗ್ರಿ ಬೇಕಾಗಿರಲಿಲ್ಲ. ಹೆಲಿಕೆಯನ್ನು ಬಹುಕಾಲ ಸಮುದ್ರದಲ್ಲಿ ಹುಡುಕಿದರು. ಕೊನೆಗೆ ೨೦೦೧ರಲ್ಲಿ ಡೋರಾ ಕಟ್ಸೊನೊಪೌಲು ಮತ್ತು ಸ್ಟೀವನ್ ಸೋಟರ್ ಅವರಿಗೆ ಅದರ ಅವಶೇಷಗಳು ದೊರೆತದ್ದು ಸಮುದ್ರದಲ್ಲಲ್ಲ, ದಡದಿಂದ ಒಳಗೆ, ನದಿಗಳು ತಂದು ಹಾಕಿದ ಮಣ್ಣಿನ ಕೆಳಗೆ.

ಅಟ್ಲಾಂಟಿಸನ್ನು ಕಂಡೆವೆನ್ನುವ ಹೊಸ ವಾದ ಬಂದಾಗ ವಾಚಕರು ಎರಡು ಪ್ರಶ್ನೆಗಳನ್ನು ಕೇಳಬೇಕು. ಮೊದಲನೆಯದು, ಪ್ಲೇಟೋ ಕೊಟ್ಟ ವಿವರಗಳಲ್ಲಿ ಇವರು ಎಷ್ಟನ್ನು ಇಟ್ಟುಕೊಂಡಿದ್ದಾರೆ, ಎಷ್ಟನ್ನು ಕೈಬಿಟ್ಟಿದ್ದಾರೆ? ಒಬ್ಬರು ಕಾಲವನ್ನು ಬಿಡುತ್ತಾರೆ, ಒಬ್ಬರು ಜಾಗವನ್ನು, ಮತ್ತೊಬ್ಬರು ಗಾತ್ರವನ್ನು. ಬೇಡವಾದ ಬಿಂದುಗಳನ್ನು ಅಳಿಸುವ ಸ್ವಾತಂತ್ರ್ಯವಿದ್ದರೆ ಯಾವ ಗ್ರಾಫಿನ ಮೇಲಾದರೂ ಸರಳರೇಖೆಯನ್ನು ಎಳೆಯಬಹುದಷ್ಟೆ. ಎರಡನೆಯದು, ಯಾವ ಸಂಗತಿ ಗೊತ್ತಾದರೆ ಇವರು ತಮ್ಮ ವಾದವನ್ನು ಬಿಟ್ಟುಕೊಡುತ್ತಾರೆ? ಅಂತಹ ಸಂಗತಿಯೇ ಇಲ್ಲವೆನ್ನುವವರೊಡನೆ ಚರ್ಚಿಸಿ ಫಲವಿಲ್ಲ.

ನಮ್ಮ ವಿದ್ಯಾರ್ಥಿಯ ವಿಷಯವನ್ನು ಹೇಳದೆ ಮುಗಿಸುವಂತಿಲ್ಲ. ನಾವು ಅವನನ್ನು ಕರೆದು, ಅಂದು ನಕ್ಕದ್ದು ತಪ್ಪೆಂದು ಒಪ್ಪಿಕೊಂಡೆವು. ಪ್ಲೇಟೋವಿನ ಅಳತೆಗಳನ್ನೂ ಒಂದು ಭೂಪಟವನ್ನೂ ಅಳತೆಪಟ್ಟಿಯನ್ನೂ ಅವನ ಮುಂದಿಟ್ಟೆವು. ಮುಕ್ಕಾಲು ಗಂಟೆ ಕುಳಿತು ಅವನೇ ಲೆಕ್ಕ ಹಾಕಿದನು. ರಿಷಾಟ್ ಎಂಟು ಪಟ್ಟು ದೊಡ್ಡದೆಂದು ತಿಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದನು. ಅನಂತರ, "ಹಾಗಾದರೆ ಅಷ್ಟು ದುಂಡಗೆ ಹೇಗೆ ಸವೆಯಿತು ಸಾರ್?" ಎಂದು ಕೇಳಿದನು. ಈ ಸಲ ನಾವು ನಗಲಿಲ್ಲ. ಈರುಳ್ಳಿಯ ಹೋಲಿಕೆ ನಮಗೆ ಹೊಳೆದದ್ದು ಆ ಪ್ರಶ್ನೆಗೆ ಉತ್ತರ ಹುಡುಕುವಾಗಲೇ.